ರಾತ್ರಿ ಹೊತ್ತು ಗೇಟ್ ಹತ್ರ ರೈಲಿನ ಹಾರ್ನ್ ಕಮ್ಮಿ ಮಾಡಿಸಬಹುದಾ?

ಪ್ರಶ್ನೆ: ಮನೆ ಕ್ರಾಸಿಂಗ್ ಪಕ್ಕನೇ ಇದೆ, ರಾತ್ರಿ ಎರಡೂವರೆಗೆ ಗೂಡ್ಸ್ ಗಾಡಿ ಬಂದ್ರೆ ಕಿಟಕಿ ಗಾಜೆಲ್ಲಾ ಗಡಗಡ ಅನ್ನುತ್ತೆ, ಮಗು ಬೆಚ್ಚಿಬಿದ್ದು ಅಳುತ್ತೆ. ಗೇಟ್ ಹಾಕಿರ್ತಾರಲ್ಲ, ಆಮೇಲೂ ಯಾಕ್ರೀ ಇಷ್ಟು ಹಾರ್ನು?

ಉತ್ತರ 1: ಹಾಕಿದ ಗೇಟ್ ಅಡೀಲಿ ಬೈಕ್ ಬಗ್ಗಿಸ್ಕೊಂಡು ನುಗ್ಗೋರು ಇದಾರಲ್ಲ ಸ್ವಾಮಿ, ಅವರಿಗೋಸ್ಕರ! ಲೋಡ್ ಗಾಡಿ ಬ್ರೇಕ್ ಹಾಕಿದ್ರೂ ನಿಲ್ಲೋಕೆ ಕಿಲೋಮೀಟರ್‌ಗಿಂತ ಜಾಸ್ತಿ ಬೇಕಾಗಬಹುದು, ಡ್ರೈವರ್ ಕೈಲಿರೋದು ಹಾರ್ನ್ ಒಂದೇ.

ಉತ್ತರ 2: ಅಮೆರಿಕದಲ್ಲಿ 2005ರಿಂದ ಕ್ವೈಟ್ ಜೋನ್ (ಮಾಮೂಲಿ ಹಾರ್ನ್ ಹೊಡೀದೇ ಇರೋ ಜಾಗ) ರೂಲ್ ಇದೆ, ಮಾಮೂಲಿ ಕಡೆ 96ರಿಂದ 110 ಡೆಸಿಬಲ್ ಹಾರ್ನ್ ಹೊಡೀಲೇಬೇಕು, ಆದ್ರೆ ಊರಿನವರು ನಾಲ್ಕೂ ಮೂಲೆಗೆ ಗೇಟೋ ಮಧ್ಯ ಡಿವೈಡರೋ ಹಾಕಿಸಿ ಅಪಾಯ ಇಳಿಸಿದ್ರೆ ವಿನಾಯಿತಿ ಸಿಗುತ್ತೆ. ಹಳಿ ಮೇಲೆ ಯಾರಾದ್ರೂ ಕಂಡ್ರೆ ಅಲ್ಲೂ ಹೊಡೀತಾರೆ ಬಿಡಿ.

ಪ್ರಶ್ನೆ ಕೇಳಿದವರು: ಡಿವೈಡರ್ ವಿಷ್ಯ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್. ಅಲ್ಲೀವರೆಗೂ ಕಿಟಕಿಗೆ ದಪ್ಪ ಗಾಜು ಹಾಕಿಸ್ತೀನಿ.