ಸಹಾಯ ಬೇಕು: ಬೈಪೋಲಾರ್ ಇರುವವರ ಮನೆಯಲ್ಲಿ ವಿಆರ್ ಹೆಡ್‌ಸೆಟ್ ಬಳಸಿದವರು ಇದ್ದೀರಾ?

ನಾವು ಮಂಜೇಶ್ವರದವರು. ತಮ್ಮನಿಗೆ ಬೈಪೋಲಾರ್ (ಮನಸ್ಸು ಕೆಲವೊಮ್ಮೆ ಅತಿಯಾಗಿ ಏರುವ, ಕೆಲವೊಮ್ಮೆ ತೀರಾ ಕುಗ್ಗುವ ಕಾಯಿಲೆ) ಇದೆ. ಅದಕ್ಕೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಾನೆ, ರಕ್ತಪರೀಕ್ಷೆ ತಪ್ಪಿಸುವುದಿಲ್ಲ, ಮೂಡ್ ಡೈರಿಯನ್ನೂ ತಾನೇ ಬರೆಯುತ್ತಾನೆ. ಈಗ ಗಲ್ಫ್‌ನಲ್ಲಿರುವ ಭಾವ ಒಂದು ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡರೆ ಬೇರೆ ಜಾಗದಲ್ಲೇ ಇದ್ದಂತೆ ತೋರಿಸುವ ಸಾಧನ) ಕಳಿಸಿದ್ದಾರೆ. ಕಡಲು, ಕಾಡು ನೋಡುತ್ತಾ ಅದರಲ್ಲಿ ಉಸಿರಾಟದ ಅಭ್ಯಾಸ ಮಾಡಬಹುದು. ಮನಸ್ಸು ಕುಗ್ಗಿ ಹಾಸಿಗೆ ಬಿಟ್ಟೇಳದ ದಿನ ಅವನಿಗೆ ಅದರಿಂದ ಸ್ವಲ್ಪ ಹಗುರ ಆಗುತ್ತದೆ. (ಕಣ್ವತೀರ್ಥದ ಕಡಲು ಪಕ್ಕದಲ್ಲೇ ಇದೆ, ಅಲ್ಲಿಗೆ ಕರೆದರೆ ಮಾತ್ರ ಬರುವುದಿಲ್ಲ!)

ತೊಂದರೆ ಇರುವುದು ರಾತ್ರಿ. ಹೆಡ್‌ಸೆಟ್ ಹಾಕಿದ ದಿನ ನಿದ್ದೆ ತಡ. ಬೈಪೋಲಾರ್‌ನಲ್ಲಿ ನಿದ್ದೆ ಕೆಟ್ಟರೆ ಉನ್ಮಾದ ಶುರುವಾಗಬಹುದು, ಅದೇ ಭಯ. ಪರದೆಯ ಬೆಳಕು ತಗ್ಗಿಸಿದೆವು, ಆಟಗಳನ್ನು ತೆಗೆದೆವು, ರಾತ್ರಿ ಬಿಟ್ಟು ಸಂಜೆ ಹಾಕಿಸಿದೆವು. ನಿದ್ದೆ ಪರವಾಗಿಲ್ಲ, ಆದರೆ ಈಗ ಮಾತು ಜಾಸ್ತಿ, ಹೊಸ ಹೊಸ ಪ್ಲಾನ್. ಇದು ಚೇತರಿಕೆಯಾ, ಉನ್ಮಾದಕ್ಕೆ ಏರುತ್ತಿರುವ ಲಕ್ಷಣವಾ? ಇಲ್ಲೇ ಗೊಂದಲ. ಮಾತ್ರೆಗೆ ಇದು ಬದಲಿ ಅಲ್ಲ ಅಂತ ಗೊತ್ತು. ಡಾಕ್ಟರಿಗೂ ಫೋನ್ ಮಾಡಿ ಹೇಳುತ್ತೇವೆ.

ಬಳಸಿದವರು ಹೇಳಿ: ದಿನದ ಯಾವ ಹೊತ್ತಿಗೆ, ಎಷ್ಟು ಹೊತ್ತು ಹಾಕಿಸುತ್ತೀರಿ? ಯಾವ ಲಕ್ಷಣ ಕಂಡರೆ ಎತ್ತಿಡುತ್ತೀರಿ?