ಪದಚರ್ಚೆ: ಗಾಳದ ಕೋಲಿನ ‘ಪವರ್’, ‘ಆಕ್ಷನ್’ – ಗಡಸು, ಬಳುಕು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಎರಡು ಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಾಗಿದೆ. ಮೀನು ಹಿಡಿಯುವ ಕೋಲಿನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತವಲ್ಲ, ‘ಪವರ್’ ಮತ್ತು ‘ಆಕ್ಷನ್’, ಅವಕ್ಕೆ ಕನ್ನಡದಲ್ಲಿ ಏನನ್ನೋಣ? ನನ್ನ ಮನಸ್ಸಿನಲ್ಲಿ ಎರಡು ಮಾತು ಇವೆ. ಒಂದರ ಬಗ್ಗೆ ಗಟ್ಟಿ ನಂಬಿಕೆ ಇದೆ, ಇನ್ನೊಂದರ ಬಗ್ಗೆ ಅನುಮಾನ.

ನಾನು ಶಿರಸಿ ಕಡೆಯವನು. ಗೋವಾದ ರಿಬಂದರಿನಲ್ಲಿ ಮನೆ. ಪಣಜಿಗೂ ರಿಬಂದರಿಗೂ ನಡುವೆ ಪೋರ್ಚುಗೀಸರು 1633-34ರಲ್ಲಿ ಕಟ್ಟಿಸಿದ ಕಲ್ಲಿನ ಸೇತುರಸ್ತೆ ಇದೆ. ಸುಮಾರು 3 ಕಿ.ಮೀ. ಉದ್ದ, ಒಂದು ಕಡೆ ಮಾಂಡೋವಿ ನದಿ. ಸಂಜೆಯಾದರೆ ಅಲ್ಲಿ ಗಾಳ ಹಿಡಿದು ನಿಂತವರು ಸಿಗುತ್ತಾರೆ. ಅವರಲ್ಲಿ ನಮ್ಮವರೂ ಇರುತ್ತಾರೆ. ಬಾಗಲಕೋಟೆ, ಗದಗ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದ ಹುಡುಗರು. ಇವರು ಕಲಿಯುವುದು ಅಮೆರಿಕದ ಬಾಸ್ ಮೀನಿನ ವಿಡಿಯೋ ನೋಡಿ. ಹಿಡಿಯುವುದು ಮಾತ್ರ ಇಲ್ಲಿನ ಚೊಣಕ್. ಹೋಟೆಲಿನಲ್ಲಿ ಅದನ್ನೇ ಸೀ ಬಾಸ್ ಅನ್ನುತ್ತಾರೆ. ಉತ್ತರ ಅಮೆರಿಕದ ಕೆರೆ ಹೊಳೆಗಳ ಬ್ಲ್ಯಾಕ್ ಬಾಸ್ ಬೇರೆಯೇ ಕುಟುಂಬದ ಮೀನು. ಹೆಸರಷ್ಟೇ ಒಂದು. ಆದರೆ ಎರಡಕ್ಕೂ ಒಂದು ಗುಣ ಸಮ: ನೀರಿನ ಮೇಲೆ ಏನಾದರೂ ಒದ್ದಾಡಿದರೆ ಕೆಳಗಿನಿಂದ ಬಂದು ಗಬಕ್ಕನೆ ಬಾಯಿ ಹಾಕುತ್ತವೆ. ಹಾಗಾಗಿ ಬಾಸ್‌ಗೆ ಅಂತ ಮಾಡಿದ ತೇಲುವ ಲ್ಯೂರ್ (ಗಾಳ ಸಿಕ್ಕಿಸಿದ ನಕಲಿ ಎರೆ) ಇಲ್ಲೂ ನಡೆಯುತ್ತದೆ.

ಹೋದ ವರ್ಷ ಇಳಕಲ್ ಕಡೆಯ ಒಬ್ಬ ಹುಡುಗ ಹೊಸ ಕೋಲು ತಂದಿದ್ದ. ಆನ್‌ಲೈನಿನಲ್ಲಿ ತರಿಸಿದ್ದು. ಮಾರಾಟದ ಪುಟದಲ್ಲಿ ಕನ್ನಡದಲ್ಲೇ ವಿವರ ಇತ್ತಂತೆ. ಫೋನ್ ತೆಗೆದು ತೋರಿಸಿದ. ‘ಭಾರೀ ಶಕ್ತಿ, ವೇಗದ ಕ್ರಿಯೆ’ ಅಂತ ಬರೆದಿತ್ತು. ಹೆವಿ ಪವರ್, ಫಾಸ್ಟ್ ಆಕ್ಷನ್ ಅನ್ನುವುದನ್ನು ಯಂತ್ರ ಹಾಗೆ ತಿರುಗಿಸಿಟ್ಟಿತ್ತು. ಅವನು ಓದಿ ಖುಷಿಪಟ್ಟಿದ್ದ. ಶಕ್ತಿ ಜಾಸ್ತಿ, ವೇಗವೂ ಇದೆ, ಇನ್ನೇನು ಬೇಕು ಅಲ್ವಾ?

ಆ ಸಂಜೆ ನಾನು ಪಕ್ಕದಲ್ಲೇ ಇದ್ದೆ. ಅವನು ಪಾಪರ್ ಎಸೆದು ಎಳೆಯುತ್ತಿದ್ದ. ಬಾಯಿ ಕಡೆ ಬಟ್ಟಲಿನ ಹಾಗೆ ತಗ್ಗಿರುವ ಲ್ಯೂರ್ ಅದು. ಎಳೆದಾಗ ಗುಳುಂ ಅಂತ ನೀರು ಚಿಮ್ಮಿಸುತ್ತದೆ. ನಾಲ್ಕನೇ ಎಸೆತಕ್ಕೆ ನೀರು ಒಡೆಯಿತು. ಚೊಣಕ್‌ನ ಬೆಳ್ಳಿ ಪಕ್ಕೆ ಒಂದು ಸಲ ಕಂಡಿತು. ಹುಡುಗ ಎರಡೂ ಕೈಯಲ್ಲಿ ಕೋಲು ಜಗ್ಗಿದ. ಲ್ಯೂರ್ ಹಾರಿ ಬಂದು ನಮ್ಮ ಹಿಂದಿನ ಗೋಡೆಗೆ ಬಡಿಯಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು ಮೀನು. ಅದು ಸಿಕ್ಕಿತು, ಹತ್ತು ಮಾರು ಬಂದ ಮೇಲೆ ಗಾಳ ಕಿತ್ತುಕೊಂಡು ಹೋಯಿತು. “ಅಣ್ಣಾರ, ಶಕ್ತಿ ಜಾಸ್ತಿ ಇರೂದ ತಂದೀನಿ, ಯಾಕ ನಿಲ್ಲವಲ್ದು?” ಅಂದ. ಕೋಲಿಗೆ ಅವನು ಕೊಟ್ಟಿದ್ದು ಹತ್ತು ದಿನದ ಪಗಾರ. ನನಗೆ ಬಹಳ ಬೇಜಾರಾಯಿತು. ಅವನನ್ನು ದಾರಿ ತಪ್ಪಿಸಿದ್ದು ಎರಡು ಕನ್ನಡ ಪದ.

‘ಪವರ್’ ಅಂದರೆ ಇಲ್ಲಿ ಶಕ್ತಿ ಅಲ್ಲ. ಕೋಲನ್ನು ಬಾಗಿಸಲು ಎಷ್ಟು ಬಲ ಬೇಕು ಅನ್ನುವ ಅಳತೆ ಅದು. ಸುಲಭವಾಗಿ ಬಾಗಿದರೆ ಲೈಟ್, ಬಾಗಲು ಒಪ್ಪದಿದ್ದರೆ ಹೆವಿ. ಹೆವಿ ಅಂದ ಮಾತ್ರಕ್ಕೆ ತೂಕ ಜಾಸ್ತಿ ಅಂತಲೂ ಅಲ್ಲ. ‘ಆಕ್ಷನ್’ ಅಂದರೆ ಕ್ರಿಯೆ ಅಲ್ಲ. ಭಾರ ಬಿದ್ದಾಗ ಕೋಲು ಎಲ್ಲಿ ಬಾಗುತ್ತದೆ ಅನ್ನುವುದು. ತುದಿಯ ಮೂರನೇ ಒಂದು ಭಾಗ ಮಾತ್ರ ಬಾಗಿದರೆ ಫಾಸ್ಟ್. ಅರ್ಧದವರೆಗೆ ಬಾಗಿದರೆ ಮಾಡರೇಟ್. ಹಿಡಿಯ ತನಕ ಇಡೀ ಕೋಲು ಬಾಗಿದರೆ ಸ್ಲೋ. ತುದಿ ಮಾತ್ರ ಬಾಗುವ ಕೋಲು ಬೇಗ ನೆಟ್ಟಗಾಗುತ್ತದೆ, ಅದಕ್ಕೇ ಇಂಗ್ಲಿಷಿನವರು ಹಾಗೆ ಕರೆದರು. ನಾವು ‘ವೇಗ’ ಅಂದರೆ ಕೇಳಿದವನಿಗೆ ಬೇರೆಯೇ ಚಿತ್ರ ಕಾಣುತ್ತದೆ.

ಆ ಭಾನುವಾರ ಹುಡುಗನನ್ನು ಮನೆಗೆ ಕರೆದೆ. ನನ್ನ ಎರಡು ಕೋಲು, ಅವನದೊಂದು. ಮೂರನ್ನೂ ಒಂದೊಂದಾಗಿ ಮೇಜಿನ ಅಂಚಿಗೆ ಬಿಗಿದು ಗೋಡೆಯ ಪಕ್ಕಕ್ಕೆ ಚಾಚಿದೆವು. ತುದಿಗೆ ಅರ್ಧ ಲೀಟರ್ ನೀರಿನ ಬಾಟಲಿ ಕಟ್ಟಿ ಇಳಿಬಿಟ್ಟೆವು. ಮಗಳು ಕೋಲು ಬಾಗಿದ ಗೆರೆಯನ್ನು ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎಳೆದಳು. ನನ್ನ ಹಳೇ ಫೈಬರ್ ಗ್ಲಾಸ್ ಕೋಲಿನದು ಕುಡುಗೋಲಿನ ಹಾಗೆ ಬುಡದಿಂದಲೇ ಸುತ್ತಿದ ಗೆರೆ. ಇನ್ನೊಂದು ಅರ್ಧದಿಂದ ಇಳಿಯಿತು. ಹುಡುಗನ ಕೋಲು ಮುಕ್ಕಾಲು ಉದ್ದ ಸೀದಾ ಹೋಗಿ ಕೊನೆಗೆ ಸ್ವಲ್ಪ ತಲೆ ತಗ್ಗಿಸಿತ್ತು, ಅಷ್ಟೇ. ಅವನು ಗೋಡೆಯನ್ನೇ ನೋಡುತ್ತಾ ಹೇಳಿದ: “ನಂದು ತುದೀ ಅಷ್ಟ ಬಳಕತೈತ್ರಿ. ಬುಡ ಸೆಟದ ನಿಂತೈತಿ.”

ನಾನು ತಿಂಗಳುಗಟ್ಟಲೆ ಹುಡುಕುತ್ತಿದ್ದ ಪದ ಅಲ್ಲಿತ್ತು. ಬಳುಕು.

ಯಾಕೆ ‘ಬಾಗು’ ಅಲ್ಲ, ‘ಬಳುಕು’ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಡೊಂಕು ಅಂದರೆ ಬಾಗಿ ಹಾಗೇ ಉಳಿದದ್ದು. ನಾಯಿ ಬಾಲ ಡೊಂಕು. ಬಾಗಿದ್ದು ಮತ್ತೆ ನೆಟ್ಟಗಾಗಬಹುದು, ಆಗದೆಯೂ ಇರಬಹುದು. ಮುದುಕರ ಬೆನ್ನು ಬಾಗುತ್ತದೆ, ತೆನೆ ಬಾಗುತ್ತದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವಾಗ ಬಗ್ಗುವುದು ಅಂದರೆ ಹೇಳಿದ ಕಡೆಗೆ ತಿರುಗುವುದು. ಮಣಿಯುವುದರಲ್ಲಿ ಸೋಲು ಇದೆ. ಬಳುಕುವುದು ಇವೆಲ್ಲಕ್ಕಿಂತ ಬೇರೆ. ಬಾಗಿ, ತಾನೇ ಮತ್ತೆ ಎದ್ದು ಬರುವುದು ಆ ಪದದೊಳಗೇ ಇದೆ. ಬಳ್ಳಿ ಬಳುಕುತ್ತದೆ, ಸೊಂಟ ಬಳುಕುತ್ತದೆ, ಗಾಳಿಗೆ ಅಡಿಕೆ ಮರ ಬಳುಕುತ್ತದೆ. ಒಂದು ಕಡೆ ಬಾಗಿ ಅಲ್ಲೇ ನಿಂತದ್ದನ್ನು ಯಾರೂ ಬಳುಕಿತು ಅನ್ನುವುದಿಲ್ಲ. ಗಾಳದ ಕೋಲಿನ ಕೆಲಸ ಪೂರ್ತಿ ಇದೇ. ಎಸೆಯುವಾಗ ಬಾಗಿ ಚಿಮ್ಮಬೇಕು, ಮೀನು ಎಳೆದಾಗ ಬಾಗಿ ತಡೆಯಬೇಕು, ಬಿಟ್ಟಾಗ ಏಳಬೇಕು.

ಹಾಗಾಗಿ ಫಾಸ್ಟ್ ಆಕ್ಷನ್ ಅಂದರೆ ತುದಿಬಳುಕು. ಮಾಡರೇಟ್ ಅಂದರೆ ನಡುಬಳುಕು. ಸ್ಲೋ ಅಂದರೆ ಬುಡಬಳುಕು. ಹೇಳಿದ ಕೂಡಲೇ ಕಣ್ಣಿಗೆ ಕಟ್ಟುತ್ತದೆ. ಯಾರಿಗೂ ವಿವರಿಸಬೇಕಾಗಿಲ್ಲ. ‘ನಡುಬಳುಕು’ ಕೇಳಿದರೆ ಸೊಂಟದ ನೆನಪಾಗುತ್ತದೆ ಅಂತ ನನ್ನ ಹೆಂಡತಿ ಹೇಳಿದಳು. ನನಗೆ ಅದು ತೊಡಕು ಅನ್ನಿಸಲಿಲ್ಲ. ಕೋಲಿನ ಸೊಂಟವೇ ಅದು.

ಇನ್ನು ‘ಪವರ್’. ಇಲ್ಲಿ ನನಗೆ ಅನುಮಾನ ಇದೆ. ‘ಗಡಸು’ ಅನ್ನೋಣ ಅಂತ ಯೋಚನೆ. ಮೆದು, ನಡುತರ, ಗಡಸು. ಆದರೆ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಗಡಸುತನ ಅಂದರೆ ಗೀರು ಬೀಳದ ಗುಣ. ವಜ್ರ ಗಡಸು. ನೀರೂ ಗಡಸು. ಬಾಗದೆ ಇರುವುದು ಬೇರೆ, ಗೀರು ಬೀಳದೆ ಇರುವುದು ಬೇರೆ. ‘ಬಿರುಸು’ ಅಂದರೆ ಗಂಜಿ ಹಾಕಿದ ಬಟ್ಟೆಯ ಬಿರುಸು ನೆನಪಾಗುತ್ತದೆ, ಅದು ಹತ್ತಿರ ಬರುತ್ತದೆ. ಆದರೆ ಮಳೆ, ಗಾಳಿಗೂ ಬಿರುಸು ಅನ್ನುತ್ತೇವೆ, ಮತ್ತೆ ವೇಗದ ಕಡೆಗೇ ಜಾರುತ್ತದೆ. ‘ಕಸುವು’ ಅಂದರೆ ಮತ್ತೆ ಶಕ್ತಿಯೇ. ಹುಡುಗ ಹೇಳಿದ ‘ಸೆಟೆ’ಯಿಂದ ‘ಸೆಟೆತ’ ಮಾಡಬಹುದು. ಅರ್ಥ ಸರಿಯಾಗಿ ಕೂರುತ್ತದೆ, ಆದರೆ ‘ಮೆದು ಸೆಟೆತ’ ಅಂದರೆ ಕಿವಿಗೆ ಹಿತವಾಗುವುದಿಲ್ಲ. ನನ್ನ ಟಿಪ್ಪಣಿಯಲ್ಲಿ ಸದ್ಯಕ್ಕೆ ಗಡಸು ಅಂತಲೇ ಬರೆಯುತ್ತಿದ್ದೇನೆ.

ಪದ ಸರಿಯಾದರೆ ಆಯ್ಕೆ ಎಷ್ಟು ಸಲೀಸಾಗುತ್ತದೆ ನೋಡಿ. ಪಾಪರ್ ಮತ್ತು ಅದರಂಥ ತೇಲುವ ಲ್ಯೂರುಗಳಲ್ಲಿ ಸಣ್ಣ ಮೂರು ಕವಲಿನ ಗಾಳ ಇರುತ್ತದೆ. ಮುಕ್ಕಾಲು, ಮುಮ್ಮಡಿ ಇದ್ದ ಹಾಗೆ ‘ಮುಗ್ಗಾಳ’ ಅನ್ನುತ್ತಿದ್ದೇನೆ, ನಿಮಗೆ ಒಪ್ಪಿಗೆಯೇ? ಇದರ ಮುಳ್ಳು ತೆಳು, ಆಳಕ್ಕೆ ನಾಟುವುದಿಲ್ಲ. ಕೋಲು ಗಡಸಾಗಿದ್ದು ತುದಿಯಷ್ಟೇ ಬಳುಕಿದರೆ ಮೀನು ತಲೆ ಕೊಡವಿದಾಗ ಆ ಹೊಡೆತ ಪೂರ್ತಿ ಗಾಳಕ್ಕೇ ಬೀಳುತ್ತದೆ, ಕಿತ್ತು ಬರುತ್ತದೆ. ಇನ್ನೊಂದು ಕಾರಣ ನಮ್ಮ ಕಣ್ಣು. ನೀರಿನ ಮೇಲಿನ ಬೇಟೆಯಲ್ಲಿ ಮೀನು ಬಾಯಿ ಹಾಕುವುದು ಕಾಣುತ್ತದೆ. ಕಂಡ ಕೂಡಲೇ ಕೈ ಜಗ್ಗುತ್ತದೆ. ಮೀನು ಇನ್ನೂ ಬಾಯಿ ಮುಚ್ಚಿರುವುದಿಲ್ಲ. ಅರ್ಧದ ತನಕ ಬಳುಕುವ ಕೋಲಿದ್ದರೆ ನಮ್ಮ ಆತುರವನ್ನು ಅದು ಸ್ವಲ್ಪ ನುಂಗಿಕೊಳ್ಳುತ್ತದೆ. ಮೀನಿನ ಭಾರ ಕೈಗೆ ಬರುವ ತನಕ ತಡೆಯುವುದು ಕಲಿಯಬೇಕು, ಕೋಲು ಅದಕ್ಕೆ ಸಹಾಯ ಮಾಡುತ್ತದೆ. ಹಾಗಂತ ಬುಡಬಳುಕೂ ಬೇಡ. ಲ್ಯೂರನ್ನು ಚುಟುಕಾಗಿ ಕುಣಿಸಲು ತುದಿಯಲ್ಲಿ ಜೀವ ಇರಬೇಕು.

ಹಾಗಾಗಿ ‘ಮೀಡಿಯಂ ಪವರ್, ಮಾಡರೇಟ್ ಫಾಸ್ಟ್ ಆಕ್ಷನ್’ ಅನ್ನುವುದನ್ನು ನಾನು ಹೀಗೆ ಬರೆದೆ: ನಡುತರ ಗಡಸು, ತುದಿಗೂ ನಡುವಿಗೂ ಮಧ್ಯೆ ಬಳುಕು. ಉದ್ದ ಆರೂವರೆಯಿಂದ 7 ಅಡಿ. ಪಾಪರ್ ಎಳೆಯುವಾಗ ತುದಿಯನ್ನು ಕೆಳಮುಖವಾಗಿ ಜಗ್ಗುತ್ತೇವೆ. ಕೋಲು ಅತಿ ಉದ್ದವಾದರೆ ತುದಿ ನೀರಿಗೆ ಬಡಿಯುತ್ತದೆ. ದೋಣಿಯಲ್ಲಿ ಕೂತವರಿಗೆ ಇದು ಮುಖ್ಯ. ಸೇತುರಸ್ತೆಯಂಥ ಎತ್ತರದಿಂದ ಎಸೆಯುವವರು ಅರ್ಧ ಅಡಿ ಜಾಸ್ತಿ ಇಟ್ಟುಕೊಂಡರೂ ನಡೆಯುತ್ತದೆ. ಕಪ್ಪೆ ಆಕಾರದ ಲ್ಯೂರ್‌ಗೆ ಮಾತ್ರ ಗಡಸು ಕೋಲೇ ಬೇಕು. ಅದರ ಗಾಳ ದಪ್ಪ, ಎಳೆಯಬೇಕಾದದ್ದು ಜೊಂಡಿನ ಒಳಗಿನಿಂದ. ಹುಡುಗನ ಕೋಲು ಹಾಳಾಗಿಲ್ಲ, ಆ ಕೆಲಸಕ್ಕೆ ಸರಿಯಾಗಿದೆ ಅಂತ ಹೇಳಿದಾಗ ಅವನ ಮುಖ ಅರಳಿತು. ಒಂದು ಎಚ್ಚರಿಕೆಯನ್ನೂ ಬರೆದಿದ್ದೇನೆ: ಒಂದು ಕಂಪನಿಯ ಮೀಡಿಯಂ ಇನ್ನೊಂದರ ಮೀಡಿಯಂ ಹೆವಿ ಇರಬಹುದು. ಎಲ್ಲರೂ ಒಪ್ಪಿದ ಅಳತೆ ಇಲ್ಲ. ಅಚ್ಚಾದ ಪದಕ್ಕಿಂತ ಬಾಟಲಿ ಕಟ್ಟಿ ನೋಡುವುದೇ ಮೇಲು.

ದಾರದ ಮಾತೂ ಇದೆ. ಮಾಮೂಲು ನೈಲಾನ್ ತಂಗೂಸಿ ನಿಧಾನಕ್ಕೆ ಮುಳುಗುತ್ತದೆ, ಹೆಣೆದ ದಾರ ತೇಲುತ್ತದೆ. ಫ್ಲೋರೋಕಾರ್ಬನ್ ಅನ್ನುವ ದಾರ ಬೇಗ ಮುಳುಗಿ ಲ್ಯೂರಿನ ಮೂತಿಯನ್ನು ಕೆಳಗೆಳೆಯುತ್ತದೆ, ತೇಲುವ ಲ್ಯೂರ್‌ಗೆ ಬೇಡ.

ಲ್ಯೂರ್ ಕುಣಿಸುವ ಒಂದು ಬಗೆಗೆ ‘ವಾಕ್ ದ ಡಾಗ್’ ಅನ್ನುತ್ತಾರೆ, ಅದಕ್ಕೂ ಪದ ಬೇಕಾಯಿತು. ಹೆಡ್ಡನ್ ಕಂಪನಿಯ ಜಾರಾ ಸ್ಪೂಕ್ ಅನ್ನುವ ಲ್ಯೂರ್ 1939ರಲ್ಲೇ ಬಂದದ್ದು. ಅದರ ನಡೆ ಹೀಗೆ: ತುದಿಯನ್ನು ಸಣ್ಣಗೆ ಜಗ್ಗಿ ದಾರ ಸಡಿಲ ಬಿಟ್ಟರೆ ಮೂತಿ ಎಡಕ್ಕೆ, ಮತ್ತೆ ಜಗ್ಗಿದರೆ ಬಲಕ್ಕೆ. ನಾಯಿಯನ್ನು ತರಬೇಕಾಗಿಲ್ಲ. ‘ಓಲಾಟ’ ಸಾಕು ಅನ್ನಿಸಿತು.

ಕೊನೆಗೆ ಕೋಲು ಅನ್ನುವುದೇ ಸರಿಯೇ? ರಾಡ್ ಅಂದರೆ ಈ ಹುಡುಗರಿಗೆ ಮೊದಲು ಕಾಣುವುದು ಕಬ್ಬಿಣದ ಸರಳು. ದಿನವಿಡೀ ಹೊರುವುದು ಅದನ್ನೇ. ಹಳೇ ಕನ್ನಡ ಪದ ‘ಗಳ’ ಚೆನ್ನಾಗಿದೆ, ಬಿದಿರಿನ ಕೋಲು ಅಂತಲೇ ಅರ್ಥ. ಆದರೆ ಮರಾಠಿಯಲ್ಲಿ ‘ಗಳ’ ಅಂದರೆ ನಮ್ಮ ಗಾಳ. ಪಕ್ಕದಲ್ಲಿ ನಿಂತ ಮರಾಠಿಯವನು ಗಳ ಕೊಡು ಅಂದರೆ ಕೋಲಲ್ಲ, ಕೊಕ್ಕೆ ಕೊಡಬೇಕು! ಕೊಂಕಣಿಯವರು ಅದನ್ನೇ ಗರಿ ಅನ್ನುತ್ತಾರೆ, ನಮಗೆ ಗರಿ ಅಂದರೆ ತೆಂಗಿನದು, ನವಿಲಿನದು. ಮಂಗಳೂರು ಕಡೆಯವರು ಗಾಣ ಹಾಕುವುದು ಅನ್ನುತ್ತಾರೆ, ನಮಗೆ ಗಾಣ ಎಣ್ಣೆಯದು. ‘ಗಳೆ’ ಅಂದರೆ ಧಾರವಾಡದ ಕಡೆ ಉಳುಮೆಯ ನೆನಪಾಗುತ್ತದೆ. ಇಷ್ಟು ಜನ ಒಂದೇ ಸೇತುವೆಯ ಮೇಲೆ ನಿಲ್ಲುವ ಊರಲ್ಲಿ ‘ಗಾಳದ ಕೋಲು’ ಅನ್ನುವುದೇ ಕ್ಷೇಮ ಅಂತ ಬಿಟ್ಟಿದ್ದೇನೆ.

ನಿಮ್ಮಿಂದ ನನಗೆ ಮುಖ್ಯವಾಗಿ ಬೇಕಾದದ್ದು ‘ಪವರ್’ಗೆ ಒಂದು ಪದ. ಮಲೆನಾಡು, ಕರಾವಳಿಯವರಿಗೆ ಒಂದು ಕೋರಿಕೆ. ಈಗ ಅಡಿಕೆ ಕೊಯ್ಯಲು, ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆಯಲ್ಲ. ಒಳ್ಳೆಯ ಗಾಳದ ಕೋಲನ್ನು ಮಾಡುವುದೂ ಅದೇ ಕಾರ್ಬನ್ನಿನಲ್ಲಿ. ಅಷ್ಟುದ್ದದ ದೋಟಿಯನ್ನು ಮರದ ತುದಿಗೆ ಎತ್ತಿ ಹಿಡಿಯುವವರು ಒಂದು ದೋಟಿ ಬಾಗದೆ ನಿಲ್ಲುತ್ತದೆ, ಇನ್ನೊಂದು ಸುಮ್ನೆ ತೂಗಾಡುತ್ತದೆ ಅನ್ನುವುದನ್ನು ದಿನಾ ಕೈಯಲ್ಲೇ ಅಳೆಯುತ್ತಾರೆ. ಬಾಗದ ದೋಟಿಗೆ ಅವರು ಏನನ್ನುತ್ತಾರೆ? ದಯವಿಟ್ಟು ಕೊಯ್ಲಿನ ಆಳುಗಳನ್ನು ಕೇಳಿ, ಅವರು ಹೇಳಿದ ಹಾಗೇ ಬರೆದು ಕಳಿಸಿ.