ದೋಣಿಯಲ್ಲಿ ಬರುವ ನಾಯಿಯನ್ನು ಕೊಚ್ಚಿಯಲ್ಲಿ ಇಳಿಸಿ ದಾವಣಗೆರೆಗೆ ತರಬಹುದಾ? ಗೊತ್ತಿದ್ದವರು ಹೇಳಿ

ಕೇಳಿದವರು: ದಾವಣಗೆರೆ, ವಿದ್ಯಾನಗರ

ನನ್ನ ತಂಗಿ ಮತ್ತು ಅವಳ ಗಂಡ ಮಲೇಷ್ಯಾದ ಲಂಕಾವಿಯಲ್ಲಿ ಹಾಯಿದೋಣಿಯಲ್ಲೇ ಸಂಸಾರ ಮಾಡಿಕೊಂಡಿದ್ದಾರೆ. ಜೊತೆಗೆ ಅಲ್ಲೇ ಸಾಕಿದ ನಾಯಿ ಇದೆ. ಜನವರಿಯಲ್ಲಿ ದೋಣಿಯಲ್ಲೇ ಕೊಚ್ಚಿಗೆ ಬರುತ್ತಾರೆ. ಆಮೇಲೆ ವಾಪಸ್ ಹೋಗಿ, ಮುಂದೆ ಆಸ್ಟ್ರೇಲಿಯಾ ಕಡೆ ಹೋಗುವ ಯೋಚನೆ. ಅಪ್ಪ ಅಮ್ಮ ಆ ನಾಯಿಯನ್ನು ವಿಡಿಯೋದಲ್ಲಿ ಮಾತ್ರ ನೋಡಿದ್ದಾರೆ. ಒಂದು ವಾರ ಮನೆಗೆ ಕರ್ಕೊಂಡು ಬನ್ನಿ ಅಂತಿದ್ದಾರೆ. ಕೊಚ್ಚಿಯಿಂದ ಕಾರಲ್ಲಿ ತಂದರೆ ತೊಂದರೆ ಆಗುತ್ತಾ?

ಚಿತ್ರದುರ್ಗದಿಂದ, ಸರಕು ಹಡಗಿನಲ್ಲಿ ದುಡಿದು ನಿವೃತ್ತರಾದವರು

ದಯವಿಟ್ಟು ತರಬೇಡಿ. ಬೇಸರ ಆಗುತ್ತೆ ಅಂತ ಗೊತ್ತು, ಆದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾಯಿ ದೋಣಿಯ ಮೇಲೆ ಇರುವ ತನಕ ಅದು ದೇಶದೊಳಗೆ ಬಂದ ಹಾಗಲ್ಲ. ಕಾಲು ನೆಲಕ್ಕೆ ತಾಗಿತೋ, ಅದು ಆಮದು. ಬಹಳಷ್ಟು ದೇಶಗಳಲ್ಲಿ ಇದನ್ನು ಹೀಗೆಯೇ ನೋಡುತ್ತಾರೆ. ನಮ್ಮಲ್ಲಿ ಇದಕ್ಕೆ 1898ರ ಜಾನುವಾರು ಆಮದು ಕಾಯ್ದೆ ಇದೆ. ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಕಚೇರಿಯಿಂದ ಎನ್ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಅಷ್ಟೇ ಅಲ್ಲ, ಸಾಕುಪ್ರಾಣಿಯನ್ನು ಬ್ಯಾಗೇಜ್ ಲೆಕ್ಕದಲ್ಲಿ ತರಲು ಅವಕಾಶ ಇರುವುದು ವಿದೇಶದ ವಾಸ ಮುಗಿಸಿ ಊರಿಗೆ ಬಂದು ನೆಲೆಸುವವರಿಗೆ. ಅದೂ ಒಬ್ಬರಿಗೆ ಎರಡು ಪ್ರಾಣಿ ಮಾತ್ರ. ವಾರದ ಮಟ್ಟಿಗೆ ನೆಂಟರ ಮನೆಗೆ ಬಂದು ಹೋಗುವ ನಾಯಿಗೆ ಅದು ಅನ್ವಯಿಸುವುದಿಲ್ಲ. 2024ರಲ್ಲಿ ಕೊಚ್ಚಿ ವಿಮಾನ ನಿಲ್ದಾಣದಲ್ಲೂ ಸಾಕುಪ್ರಾಣಿ ತರುವ ವ್ಯವಸ್ಥೆ ಶುರುವಾಗಿದೆ, ನಿಜ. ಆದರೆ ಅದು ವಿಮಾನದಲ್ಲಿ ಬರುವವಕ್ಕೆ. ಅದನ್ನು ನೋಡಿ ದೋಣಿಗೂ ಆಗುತ್ತೆ ಅಂದುಕೊಳ್ಳಬೇಡಿ.

ಹಡಗಿನ ಕಡೆಯ ಕೆಲಸ ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ, ತಂಗಿಗೆ ಉಪಯೋಗ ಆಗಬಹುದು. ಬಂದರು ಸೇರುವ ಮುಂಚೆ ಹಳದಿ ಬಾವುಟ ಏರಿಸುತ್ತಾರೆ. ನಮ್ಮಲ್ಲಿ ಕಾಯಿಲೆ ಇಲ್ಲ, ಒಳಗೆ ಬರಲು ಅನುಮತಿ ಕೊಡಿ ಅಂತ ಅದರ ಅರ್ಥ. ಬಂದರಿನಲ್ಲಿ ಹಡಗಿನ ಕಾಗದಪತ್ರ ನೋಡಿಕೊಳ್ಳುವ ಏಜೆಂಟ್ ಕೇಳುವ ಕಟ್ಟಿನಲ್ಲಿ ಪ್ರಾಣಿಗಳ ಪಟ್ಟಿಯೂ ಒಂದು. ನಮ್ಮದು ಯಾವಾಗಲೂ 'ನಿಲ್'. ಒಂದು ಹಡಗಿನಲ್ಲಿ ಮಾತ್ರ ಅಡುಗೆಯವರು ಬೂದು ಬಣ್ಣದ ಬೆಕ್ಕು ಸಾಕಿದ್ದರು. ಕ್ಯಾಪ್ಟನ್ ಅದರ ಬಣ್ಣ, ಕಿವಿಯ ಗುರುತು ಎಲ್ಲ ಪಟ್ಟಿಯಲ್ಲಿ ಬರೆದರು. ಆಸ್ಟ್ರೇಲಿಯಾದ ಬಂದರಿನಲ್ಲಿ ಅಧಿಕಾರಿ ಹತ್ತಿ ಬಂದು, ಕಾಗದ ಹಿಡಿದುಕೊಂಡೇ ಬೆಕ್ಕಿನ ಕಿವಿ ನೋಡಿದರು. ಒಂದು ಕ್ಯಾಬಿನ್‌ನಲ್ಲಿ ಕೂಡಿ ಹಾಕಲು ಹೇಳಿದರು. ಕಿಟಕಿಯೂ ಮುಚ್ಚಬೇಕು. ಹೊರಡುವ ಮುಂಚೆ ಮತ್ತೆ ಬಂದು, ಅದೇ ಬೆಕ್ಕು ಅಲ್ಲೇ ಇದೆಯಾ ಅಂತ ನೋಡಿಕೊಂಡು ಹೋದರು. ಯಾರ ಮೇಲೂ ಯಾರೂ ರೇಗಲಿಲ್ಲ. ಪಟ್ಟಿಯಲ್ಲಿ ಇದ್ದಿದ್ದಕ್ಕೇ ಅಷ್ಟು ಸಲೀಸಾಗಿ ಮುಗಿಯಿತು.

ಹಾಗಾಗಿ ತಂಗಿ ಹೊರಡುವ ಮೊದಲೇ ಕೊಚ್ಚಿಯ ಏಜೆಂಟ್‌ಗೆ ನಾಯಿಯ ವಿಷಯ ಬರೆದು ತಿಳಿಸಲಿ. ನಾಯಿ ಇಳಿಯುವುದಿಲ್ಲ, ದೋಣಿಯಲ್ಲೇ ಇರುತ್ತೆ ಅಂತಲೂ ಬರೆಯಲಿ. ಉತ್ತರ ಬರಹದಲ್ಲೇ ತರಿಸಿಕೊಳ್ಳಲಿ. ಬಾಯಿಮಾತಿನ 'ನೋಡೋಣ ಬನ್ನಿ' ನಂಬಿಕೊಂಡು ಸಮುದ್ರ ದಾಟಬಾರದು. ದಾರಿಯಲ್ಲಿ ಮಾಲ್ಡೀವ್ಸ್ ಇದ್ದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ನಾಯಿ ತರುವುದೇ ನಿಷೇಧ.

ಅಪ್ಪ ಅಮ್ಮನನ್ನೇ ಕೊಚ್ಚಿಗೆ ಕರ್ಕೊಂಡು ಹೋಗಿ. ದೋಣಿ ಹತ್ತಲು ಕಸ್ಟಮ್ಸ್ ಒಪ್ಪಿಗೆ ಬೇಕಾ ಅಂತ ಏಜೆಂಟ್ ಹತ್ತಿರ ಕೇಳಿಕೊಳ್ಳಿ.

ಹಿರಿಯೂರಿನಿಂದ, ಮಗಳು ಮೆಲ್ಬರ್ನ್‌ನಲ್ಲಿ ಇರುವವರು

ಮೇಲಿನವರು ಹೇಳಿದ್ದು ಸರಿ. ಆಸ್ಟ್ರೇಲಿಯಾದ ಬಗ್ಗೆ ಎರಡು ಮಾತು. ದೋಣಿಯಿಂದ ನೇರವಾಗಿ ನಾಯಿ ಇಳಿಸಲು ಅಲ್ಲಿ ಬಿಡುವುದಿಲ್ಲ. ಅವರು ಒಪ್ಪಿದ ದೇಶವೊಂದರಿಂದ ವಿಮಾನದಲ್ಲಿ ಮೆಲ್ಬರ್ನ್‌ಗೆ ಕಳಿಸಬೇಕು. ಅಲ್ಲಿ ಮಿಕಲ್‌ಹ್ಯಾಮ್ ಅನ್ನುವ ಕಡೆ ಸರ್ಕಾರದ ಕ್ವಾರಂಟೈನ್ ಕೇಂದ್ರ ಇದೆ. ನಾಯಿಯ ಗುರುತು ಮೊದಲೇ ದೃಢೀಕರಣ ಆಗಿದ್ದರೆ ಕನಿಷ್ಠ 10 ದಿನ, ಇಲ್ಲದಿದ್ದರೆ ಕನಿಷ್ಠ 30 ದಿನ. ಒಪ್ಪಿದ ದೇಶಗಳಲ್ಲಿ ಮಲೇಷ್ಯಾ ಇದೆ, ಭಾರತ ಇಲ್ಲ. ನಿಮ್ಮ ನಾಯಿಗೆ ಇದೇ ದೊಡ್ಡ ಮಾತು ಅಲ್ವಾ? ಒಂದು ವಾರದ ಆಸೆಗೆ ಇಲ್ಲಿ ಇಳಿಸಿದರೆ ಅಲ್ಲಿನ ದಾರಿ ಕಷ್ಟವಾಗಬಹುದು.

ಬಚ್ಚಿಟ್ಟುಕೊಂಡು ಹೋಗುವ ಯೋಚನೆ ಯಾರೂ ಮಾಡಬೇಡಿ. 2015ರಲ್ಲಿ ಹಾಲಿವುಡ್ ನಟ ಜಾನಿ ಡೆಪ್ ಅವರ ಎರಡು ಪುಟ್ಟ ನಾಯಿಗಳು ಹೇಳದೆ ಕೇಳದೆ ಖಾಸಗಿ ವಿಮಾನದಲ್ಲಿ ಆಸ್ಟ್ರೇಲಿಯಾಕ್ಕೆ ಹೋದವು. ವಾಪಸ್ ಕಳಿಸಿ, ಇಲ್ಲದಿದ್ದರೆ ಕೊಲ್ಲಬೇಕಾಗುತ್ತೆ ಅಂತ ಮಂತ್ರಿಯೇ ಗಡುವು ಕೊಟ್ಟರು. ಕೇಸು ಕೋರ್ಟಿಗೂ ಹೋಯಿತು.

ದಾವಣಗೆರೆಯಿಂದ, ಪಶುವೈದ್ಯರು

ಇಷ್ಟೆಲ್ಲ ಬಿಗಿ ಯಾಕೆ ಅಂದರೆ ರೇಬಿಸ್. ಕಚ್ಚಿಸಿಕೊಂಡ ನಾಯಿ ವಾರಗಟ್ಟಲೆ, ಕೆಲವು ಸಲ ತಿಂಗಳುಗಟ್ಟಲೆ ಚೆನ್ನಾಗಿಯೇ ಓಡಾಡಿಕೊಂಡಿರುತ್ತೆ. ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಕಾಯಿಸುತ್ತಾರೆ. ನಮ್ಮ ಬೀದಿಗಳಲ್ಲಿ ರೇಬಿಸ್ ಇನ್ನೂ ಇದೆ, ಆಸ್ಟ್ರೇಲಿಯಾದ ನಾಯಿಗಳಲ್ಲಿ ಇಲ್ಲ. ಅವರ ಭಯ ನ್ಯಾಯವಾದದ್ದೇ.

ತಂಗಿಗೆ ಹೇಳಿ, ಕ್ರಮ ತಪ್ಪಬಾರದು. ಮೊದಲು ಚರ್ಮದ ಕೆಳಗೆ ಹಾಕುವ, 15 ಅಂಕಿಯ ಗುರುತಿನ ಮೈಕ್ರೋಚಿಪ್. ಆಮೇಲೆ ರೇಬಿಸ್ ಲಸಿಕೆ. ಆಮೇಲೆ ಲಸಿಕೆ ಹಿಡಿದಿದೆಯಾ ಅಂತ ನೋಡುವ ರಕ್ತ ಪರೀಕ್ಷೆ. ಫಲಿತಾಂಶ ಮಿಲಿಲೀಟರಿಗೆ ಕನಿಷ್ಠ 0.5 ಐಯು (ಅಂತರರಾಷ್ಟ್ರೀಯ ಘಟಕ) ಇರಬೇಕು. ಚಿಪ್‌ಗಿಂತ ಮುಂಚೆ ಲಸಿಕೆ ಹಾಕಿಸಿದ್ದರೆ ಯುರೋಪಿನವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲಸಿಕೆ ಪುಸ್ತಕ ತೆರೆದು ನೋಡಲಿ. ಬಾಟಲಿಯ ಸ್ಟಿಕ್ಕರ್ ಅಂಟಿಸಿ ಒಂದು ಸಹಿ ಹಾಕಿದ್ದರೆ ಸಾಲದು. ಅದೇ ಪುಟದಲ್ಲಿ ಚಿಪ್ ನಂಬರ್, ತಾರೀಖು, ಬ್ಯಾಚ್ ನಂಬರ್ ಇರಬೇಕು. ಒಂದು ಅಂಕಿ ಹೆಚ್ಚುಕಮ್ಮಿ ಆದರೂ ಕಾಗದಕ್ಕೆ ಬೆಲೆ ಇಲ್ಲ.

ಮಲೇಷ್ಯಾದಿಂದ ಆಸ್ಟ್ರೇಲಿಯಾಕ್ಕೆ ಕಳಿಸುವುದಾದರೆ ರಕ್ತದ ಮಾದರಿ ಲ್ಯಾಬ್ ತಲುಪಿ 180 ದಿನ ಆಗಿರಬೇಕು. ಹಾಗಾಗಿ ಕೊಚ್ಚಿಗೆ ಹೊರಡುವ ಮೊದಲೇ ಅಲ್ಲಿನ ಡಾಕ್ಟರ್ ಹತ್ತಿರ ಕೂತು ಮಾತಾಡಲಿ. ದೋಣಿ ಕೊಚ್ಚಿಗೆ ಹೋಗಿ ಬರುವ ವಿಷಯ ಆಸ್ಟ್ರೇಲಿಯಾದ ಇಲಾಖೆಗೂ ಬರೆದು ಕೇಳಲಿ.

ಕೇಳಿದವರು

ತುಂಬಾ ಉಪಕಾರವಾಯಿತು. ತಂಗಿಗೆ ಎಲ್ಲ ಕಳಿಸಿದೆ. ಚಿಪ್ ಇದೆಯಂತೆ, ಆದರೆ ಲಸಿಕೆ ಮೊದಲು ಹಾಕಿಸಿದ್ದಂತೆ. ಹಾಗಾದರೆ ಮತ್ತೆ ಮೊದಲಿಂದ ಮಾಡಿಸಬೇಕಾ? ಅಪ್ಪ ಅಮ್ಮ ಕೊಚ್ಚಿಗೆ ಬರಲು ಒಪ್ಪಿದ್ದಾರೆ.

ಪಶುವೈದ್ಯರು

ಚಿಪ್ ಓದಿಸಿ ನೋಡಿ, ಇನ್ನೊಂದು ಲಸಿಕೆ ಹಾಕಿಸಿಬಿಡಲಿ. ನಾಯಿಗೆ ಅದರಿಂದ ತೊಂದರೆ ಇಲ್ಲ. ರಕ್ತ ಕೊಡುವ ಮುಂಚೆ ಆ ಲ್ಯಾಬನ್ನು ಆಸ್ಟ್ರೇಲಿಯಾದವರು ಒಪ್ಪುತ್ತಾರಾ ಅಂತ ಕೇಳಲಿ. ಕ್ವಾರಂಟೈನ್ 10 ದಿನದಲ್ಲಿ ಮುಗಿಯಬೇಕು ಅಂದರೆ ರಕ್ತ ತೆಗೆಯುವ ಮೊದಲೇ ಮಲೇಷ್ಯಾದ ಸರ್ಕಾರಿ ವೈದ್ಯರಿಂದ ನಾಯಿಯ ಗುರುತು ದೃಢೀಕರಣ ಆಗಿರಬೇಕು.